ಸೊಸೆಯ ರೆಕ್ಕೆ, ನನ್ನ ಅಂಗೈ

ನನ್ನ ಸೊಸೆ ವನಜಾಕ್ಷಿ ಮುದ್ದೆ ತಿರುವಿದರೆ ಇಡೀ ಗುಬ್ಬಿ ತಾಲ್ಲೂಕಿನಲ್ಲಿ ಗಂಟು ಎಂಬ ಮಾತೇ ಇರುತ್ತಿರಲಿಲ್ಲ. ಬೀಗರೂಟ ಅಂದರೆ ಜನ ಮೊದಲು ಅವಳನ್ನು ಗೊತ್ತು ಮಾಡಿ, ಆಮೇಲೆ ಕುರಿ ಹುಡುಕುತ್ತಿದ್ದರು.

ಬೆಳ್ಳಾವಿ ರಸ್ತೆಯಲ್ಲಿ ನನ್ನ ಮಗನ ಲೂನಾದಿಂದ ಬಿದ್ದಳು ನೋಡಿ, ಅಲ್ಲಿಂದ ಶುರುವಾಯಿತು. ಬಲಗೈ ಎತ್ತಿದರೆ ಬೆನ್ನಿನ ಹಲಗೆ ಮೂಳೆ ಹದ್ದಿನ ರೆಕ್ಕೆಯ ಹಾಗೆ ಎದ್ದು ನಿಲ್ಲುತ್ತಿತ್ತು. ಭುಜ ಕೀಲಿನಿಂದ ಜಾರುತ್ತಿತ್ತು. ಸಿ.ಎಸ್. ಪುರದ ನಾಟಿ ವೈದ್ಯ ಮೊಟ್ಟೆ ಬಳಿದು ಹಾಕಿದ ಪಟ್ಟಿಗೆ ಒಂದು ಕೋಳಿಗೂಡೇ ಖಾಲಿಯಾಯಿತು. ರೆಕ್ಕೆ ಮಾತ್ರ ಹೋಗಲಿಲ್ಲ.

"ಇನ್ನೊಂದು ರೆಕ್ಕೆನೂ ಬರ್ಲಿ ಬುಡು, ಕುಣಿಗಲ್‌ಗೆ ಬಸ್ಸೇ ಬೇಡ," ಎಂದು ಕೀಟಲೆ ಮಾಡುತ್ತಿದ್ದೆ.

"ನಿಮ್ಮನ್ನೂ ಬೆನ್ಮೇಲೆ ಕೂರಿಸ್ಕೊಂಡು ಹಾರ್ತೀನಿ ಅತ್ತೆ, ಕೆರೆ ಬಂದಾಗ ಬುಟ್ಬುಡ್ತೀನಿ," ಅನ್ನುತ್ತಿದ್ದಳು. ಆದರೆ ಮುದ್ದೆ ಕೋಲು ಹಿಡಿದರೆ ಕಣ್ಣಲ್ಲಿ ನೀರು.

ಕೊನೆಗೊಂದು ಉಪಾಯ ಹೂಡಿದೆವು. ಅವಳು ತಿರುವುವಾಗ ನಾನು ಹಿಂದೆ ನಿಂತು ಆ ಹಲಗೆಯನ್ನು ಅಂಗೈಯಿಂದ ಒತ್ತಿ ಹಿಡಿಯುವುದು. ಒತ್ತಿದರೆ ಕೈ ಏಳುತ್ತಿತ್ತು, ಬಿಟ್ಟರೆ ಬೀಳುತ್ತಿತ್ತು. "ಲಕ್ಷ್ಮೀದೇವಮ್ಮ ಸೊಸೇನ ಹಂಡೆಗೆ ತಳ್ತಾವ್ಳೆ!" ಎಂದು ಜನ ನಗುತ್ತಿದ್ದರು.

ಎರಡು ಸಾವಿರದ ನಾಲ್ಕರಲ್ಲಿ ಅವಳ ತಂಗಿ ಶೃತಿಗೆ ಕುಣಿಗಲ್‌ನಲ್ಲಿ ಗಂಡು ಗೊತ್ತಾಯಿತು. ಮದುವೆ ಮುಂದಿನ ವರ್ಷ. ಅಷ್ಟು ದೊಡ್ಡ ಹಂಡೆಗೆ ನನ್ನ ಅಂಗೈ ಆಸರೆ ಸಾಲದು. ಹಾಗಂತ ತಂಗಿಯ ಬೀಗರೂಟಕ್ಕೆ ಬೇರೆಯವರು ಕೋಲು ಹಿಡಿಯುವುದೇ? ವನಜಾಕ್ಷಿ ಅನ್ನ ನೀರು ಬಿಟ್ಟಳು.

ತುಮಕೂರಿಗೆ ಕರೆದುಕೊಂಡು ಹೋದೆ. ಅಲ್ಲಿನ ಮೂಳೆ ಡಾಕ್ಟರು ಅವಳ ಕೈಗಳನ್ನು ಗೋಡೆಗೆ ಒತ್ತಿಸಿದರು. ರೆಕ್ಕೆ ಎದ್ದಿತು. ಅಭ್ಯಾಸದಂತೆ ನಾನು ಹೋಗಿ ಒತ್ತಿದೆ, ಕೈ ಮೇಲೆದ್ದಿತು.

"ಅಜ್ಜಿ, ಹಲಗೆ ಹಿಡಿಯೋ ನರ ಸತ್ತೋಗಿದೆ. ನಿಮ್ಮ ಅಂಗೈ ಕೆಲ್ಸಾನ ಎದೆ ಸ್ನಾಯು ಕೈಲಿ ಮಾಡಿಸ್ತೀನಿ. ಅದ್ರಲ್ಲಿ ಸ್ವಲ್ಪ ಬಿಡಿಸಿ ಹಲಗೆಗೆ ಹೊಲೀತೀನಿ. ಸಡ್ಲಾಗಿರೋ ಕೀಲ್ನೂ ಬಿಗಿ ಮಾಡ್ತೀನಿ."

"ರವಿಕೆ ತೇಪೆನಾ ಸ್ವಾಮಿ?"

"ಹಂಗೇ ಅನ್ಕೊಳ್ಳಿ."

ಆಪರೇಷನ್ ಆಯಿತು. ಕೈ ಬಹಳ ದಿನ ಜೋಲಿಯಲ್ಲಿತ್ತು. ಆಮೇಲೆ ಗೋಡೆ ತಳ್ಳುವ ವ್ಯಾಯಾಮ. ಅವಳು ತಳ್ಳಿದ ರಭಸಕ್ಕೆ ನಮ್ಮ ಮನೆ ಊರ್ಡಿಗೆರೆ ಕಡೆಗೆ ಒಂದು ಮೊಳ ಸರಿದಿದೆ, ಬೇಕಾದರೆ ಅಳೆದು ನೋಡಿ.

ಬೀಗರೂಟದ ದಿನದ ಹಂಡೆಯಲ್ಲಿ ಆನೆಗೆ ಸ್ನಾನ ಮಾಡಿಸಬಹುದಿತ್ತು. ಹಿಟ್ಟು ಬೆಂದಿತು, ವನಜಾಕ್ಷಿ ಕೋಲು ಹಿಡಿದಳು. ನಾನು ಓಡಿಹೋಗಿ ಅವಳ ಬೆನ್ನಿಗೆ ಅಂಗೈ ಕೊಟ್ಟೆ.

"ಅತ್ತೆ, ಕೈ ತೆಗೀರಿ."

"ಜಾರ್ತದೆ ಕಣೇ!"

"ತೆಗೀರಿ ಅಂದ್ನಲ್ಲ, ಕಚಗುಳಿ ಆಯ್ತದೆ!"

ತೆಗೆದೆ. ಕೋಲು ತಿರುಗಿತು. ಭುಜ ಅಲುಗಲಿಲ್ಲ, ಹಲಗೆ ಬೆನ್ನಿಗಂಟಿಕೊಂಡೇ ಇತ್ತು. ಬೀಗರು ಗಂಟು ಹುಡುಕಿ ಹುಡುಕಿ ಸೋತು, ಇನ್ನೊಂದೊಂದು ಮುದ್ದೆ ಹಾಕಿಸಿಕೊಂಡರು. ನನ್ನ ಸೊಸೆ ಬಲಗೈಯಲ್ಲಿ ಕೋಲನ್ನು ಚಪ್ಪರ ಮುಟ್ಟುವಂತೆ ಎತ್ತಿ ಕೂಗಿದಳು:

"ಅತ್ತೆ, ಕೆಲ್ಸ ಹೋಯ್ತು ಅಂತ ನಿಂತ್ಕೋಬೇಡಿ, ಸಾರು ಬಡ್ಸಿ!"