ಆ ನೀಲಿ ಫೋನೇ ಇರಲಿ

ಗಾಜಿನ ಮೇಲೆ ಇವಳ ಬೆರಳಚ್ಚು, ಅಂಗಡಿಯವ ಬಟ್ಟೆಯಿಂದ ಒರೆಸುತ್ತಾನೆ, ಇವಳು ಮತ್ತೆ ಅಲ್ಲೇ ಬೆರಳಿಡುತ್ತಾಳೆ, ಸಾಲಾಗಿ ಅಷ್ಟೊಂದು ಫೋನುಗಳು ಮಲಗಿದ್ದರೂ ಬೆರಳು ಮಾತ್ರ ಆ ನೀಲಿಯದರ ಮೇಲೇ, ನಲವತ್ತಕ್ಕೆ ಹತ್ತಿರವಾದವಳ ಮುಖದಲ್ಲಿ ಆಟಿಕೆ ಅಂಗಡಿಯ ಮುಂದೆ ನಿಂತ ಮಗುವಿನ ಆಸೆ, ನನ್ನ ತಂಗಿ, ಒಡಹುಟ್ಟಿದವಳು, ಪಾಪ ಎನಿಸಬೇಕು, ಎನಿಸುತ್ತಿಲ್ಲ, ರೇಗುತ್ತಿದೆ. ಅಕ್ಕಾ, ಈ ನೀಲಿ ಎಷ್ಟ್ ಚೆನ್ನಾಗಿದೆ ನೋಡೇ, ಎನ್ನುತ್ತಾಳೆ — ನೋಡಿದೆ ತಾಯಿ, ಕಣ್ಣು ಕುಕ್ಕುತ್ತಿದೆ — ನಿನ್ನೆ ಹಳೆಯದು ಬಿದ್ದು ಒಡೆದಾಗ ಅತ್ತವಳು ಇವಳೇನಾ, ಬೀಳದೆ ಇನ್ನೇನು, ಅವಳ ಫೋನಿಗೆ ನಮ್ಮ ಮನೆಯಲ್ಲಿ ಸಿಗ್ನಲ್ ಎನ್ನುವುದು ಅಡುಗೆಮನೆ ಕಿಟಕಿಯ ಸರಳುಗಳ ಆಚೆ ಮಾತ್ರ ಸಿಗುವ ವಸ್ತು, ಮೊಣಕೈವರೆಗೆ ಕೈ ಹೊರಗೆ ಚಾಚಿ, ಸ್ಪೀಕರ್ ಹಾಕಿ, ಸರಳಿಗೆ ಕೆನ್ನೆ ಒತ್ತಿಕೊಂಡು ಮಾತಾಡುತ್ತಾಳೆ, ಮೂರು ತಿಂಗಳಿಂದ ಇದೇ ನಡೆದಿದೆ, ಕತ್ತರಿ ಹಿಡಿದು ಕೂತಲ್ಲಿಂದ ನನಗೆ ಕಾಣುವುದು ಆ ಕೈ ಒಂದೇ, ಕಿಟಕಿಯಾಚೆ ಗಾಳಿಯಲ್ಲಿ ಆ ಕೈ, ನಗುವಾಗ ಅದೂ ಅಲುಗುತ್ತದೆ. ನಿನ್ನೆ ಬೆವರಿಗೆ ಫೋನು ಜಾರಿ ಮೂರನೇ ಮಹಡಿಯಿಂದ ಕೆಳಗೆ ಬಿತ್ತು, ಸಿಮ್ ಒಂದು ಉಳಿಯಿತು. ಅಯ್ಯೋ ಎಂದೆ ನಾನು, ಒಳಗೆ ಹಾಲು ಕುಡಿದಷ್ಟು ಸಂತೋಷವಾಗಿತ್ತು.

ಫೋನಿನ ಆ ಕಡೆ ಇರುವವನು ಲಿಫ್ಟ್ ರಿಪೇರಿಯವ. ನಮ್ಮ ಕಟ್ಟಡದ ಲಿಫ್ಟು ಕೆಟ್ಟಾಗ ಬಂದ, ಕುಡಿಯಲು ನೀರು ಕೇಳಿದ, ಇವಳು ಕೊಟ್ಟಳು, ಲಿಫ್ಟು ಸರಿಯಾಯಿತು, ಇವಳು ಕೆಟ್ಟಳು. ಮಸಿ ಹಿಡಿದ ಉಗುರು, ಅರ್ಧ ಬೋಳುತಲೆ, ಅದಕ್ಕೇ ಇಷ್ಟು ಸಂಭ್ರಮ, ಮೊದಲ ಗಂಡ ಬಿಟ್ಟುಹೋದಾಗ ಈ ಅಕ್ಕನ ಹೆಗಲೇ ಬೇಕಾಯಿತು, ಈಗ ರೆಕ್ಕೆ ಬಂದಿದೆ. ಅವನಿಗೆ ಬೇರೆ ಊರಿಗೆ ವರ್ಗವಾಗಿದೆ, ನಾಳೆ ಬೆಳಿಗ್ಗೆ ಹೊರಡುತ್ತಾನೆ, ಇವತ್ತು ಸಂಜೆ ಕರೆಮಾಡಿ ಕೇಳುತ್ತಾನೆ, ಬರ್ತೀಯಾ ಇಲ್ವಾ. ಮೊನ್ನೆ ಸ್ಪೀಕರಿನಲ್ಲಿ ನಾನೇ ಕೇಳಿಸಿಕೊಂಡೆ — ನಾಡಿದ್ದು ಸಂಜೇವರ್ಗೂ ಲಿಫ್ಟಿನ ಕೆಳಗಿನ ಗುಂಡೀಲಿ ಕೆಲಸದಲ್ಲಿರ್ತೀನಿ, ಫೋನ್ ಆಫ್ ಇರುತ್ತೆ, ಮೇಲೆ ಬಂದ್ಮೇಲೆ ಒಂದೇ ಸಲ ಮಾಡ್ತೀನಿ, ಎತ್ತಲಿಲ್ಲ ಅಂದ್ರೆ ನಿನಗೆ ಮನಸ್ಸಿಲ್ಲ ಅಂದ್ಕೊಂಡು ಸುಮ್ನೆ ಹೋಗ್ತೀನಿ, ಮತ್ತೆ ತೊಂದ್ರೆ ಕೊಡಲ್ಲ. ಮರ್ಯಾದಸ್ಥ. ಮರ್ಯಾದಸ್ಥರನ್ನು ಓಡಿಸುವುದು ಬಹಳ ಸುಲಭ, ಬೈಯಬೇಕಾಗಿಲ್ಲ, ಜಗಳವಾಡಬೇಕಾಗಿಲ್ಲ, ಫೋನು ಸುಮ್ಮನಿದ್ದರೆ ಸಾಕು. ಪರದೆ ಹೊಲಿಯುವ ಮನೆ ನಮ್ಮದು, ನಾನು ಅಳತೆ ತೆಗೆದು ಕತ್ತರಿಸುವವಳು, ಹೊಲಿಯುವವಳು ಅವಳು, ಅವಳು ಹಿಡಿದ ನೆರಿಗೆ ಒಂದು ಕೂದಲೆಳೆ ಹೆಚ್ಚುಕಮ್ಮಿಯಾಗುವುದಿಲ್ಲ, ನನಗೆ ಸೂಜಿಯ ಕಣ್ಣು ಕಾಣದೆ ಎರಡು ವರ್ಷವಾಯಿತು, ಅದನ್ನು ಅವಳಿಗೆ ಹೇಳಿಲ್ಲ, ಹೇಳಿದರೆ ಉಳಿದಾಳು, ಕನಿಕರಕ್ಕೆ ಉಳಿದಾಳು, ಅಂಥ ಉಳಿಯುವಿಕೆ ಯಾರಿಗೆ ಬೇಕು, ಅವಳ ಕನಿಕರ ತಿಂದು ಬದುಕುವುದಕ್ಕಿಂತ ಅವಳ ಬಾಗಿಲಿಗೆ ನಾನೇ ಅಗುಳಿ ಹಾಕುತ್ತೇನೆ. ಭಯ ನನಗೆ, ಹೌದು, ಆ ಮನೆಯಲ್ಲಿ ಮೆಷಿನ್ನಿನ ಸದ್ದಿಲ್ಲದೆ ಒಬ್ಬಳೇ ಕೂತಿರುವುದಕ್ಕೆ.

ಮನೇಲಿ ನೆಟ್‌ವರ್ಕ್ ಹೇಗಿದೆ ಮೇಡಂ, ಎನ್ನುತ್ತಾನೆ ಅಂಗಡಿಯವ, ಇವಳಿಗೋ ಬಾಯಿ ನಿಲ್ಲದು, ಒಳಗೆ ಏನೂ ಸಿಗಲ್ಲ ಅಣ್ಣಾ, ಕಿಟಕಿ ಹತ್ರ ಮಾತ್ರ — ಹಾಗಾದ್ರೆ ಈ ನೀಲಿದು ಬೇಡ, ಇದಕ್ಕೆ ರೂಪ ಜಾಸ್ತಿ, ಕ್ಯಾಮೆರಾ ಚೆನ್ನಾಗಿದೆ, ಸಿಗ್ನಲ್ ಎಳೆಯೋ ತಾಕತ್ತು ಕಮ್ಮಿ, ಇದನ್ನ ತಗೊಳ್ಳಿ, ನಿಮ್ಮಕ್ಕನ ಹತ್ರ ಇರೋ ಕಂಪನಿದೇ. ಸೋಪಿನ ಡಬ್ಬಿಯಂಥ ಒಂದು ಕರಿ ಫೋನನ್ನು ಹೊರಗೆ ತೆಗೆದಿಡುತ್ತಾನೆ, ಈ ಕಾಲದಲ್ಲೂ ನಿಜ ಹೇಳುವ ಅಂಗಡಿಯವನೊಬ್ಬ ನನಗೇ ಗಂಟುಬೀಳಬೇಕೆ, ನನ್ನದು ಮನೆಯ ಯಾವ ಮೂಲೆಯಲ್ಲಾದರೂ ಸಿಗುತ್ತದೆ, ನಿಜ, ಅದು ವ್ಯಾಪಾರದ ಫೋನು, ಗಿರಾಕಿಗಳು ಮಾಡುತ್ತಾರೆ ಎಂದು ಇವಳಿಗೆ ಒಂದು ದಿನವೂ ಕೊಟ್ಟವಳಲ್ಲ ನಾನು. ಇವಳ ಬೆರಳು ಕರಿಯದರ ಕಡೆ ಜರುಗುತ್ತಿದೆ, ಜರುಗುತ್ತಿದೆ, ನೀಲಿಯನ್ನು ಆಸೆಯಿಂದ ನೋಡುತ್ತಲೇ ಬುದ್ಧಿವಂತೆಯಾಗುತ್ತಿದ್ದಾಳೆ, ಆಗ ನಾನು ಮೂರು ತಿಂಗಳಲ್ಲಿ ಒಮ್ಮೆಯೂ ಎತ್ತದ ಮಾತನ್ನು ಎತ್ತಿದೆ — ಅವನ ಪಕ್ಕದಲ್ಲಿ ನಿಂತ್ಕೊಂಡು ಫೋಟೋ ತೆಗೆಸ್ಕೋಬೇಡ್ವೇನೇ, ಹೊಸ ಸಂಸಾರಕ್ಕೆ ಹೋಗೋಳ ಕೈಲಿ ಈ ಇಟ್ಟಿಗೆ ಚೆನ್ನಾಗಿರುತ್ತಾ? ಅವಳ ಕಿವಿಯವರೆಗೆ ಕೆಂಪೇರಿತು. ಅಕ್ಕಾ, ನಿಂಗೆ ಒಪ್ಪಿಗೆನಾ ಹಾಗಾದ್ರೆ, ಎಂದಳು, ಕಣ್ಣು ತುಂಬಿಕೊಂಡು, ಅಂಗಡಿಯವನ ಎದುರೇ ನನ್ನ ತೋಳು ಹಿಡಿದುಕೊಂಡಳು, ಬಿಡೇ ಸಾಕು ಎಂದೆ. ಆದ್ರೆ ನಮ್ಮನೇಲಿ ಇದಕ್ಕೆ ಸಿಗುತ್ತಾ ಅಕ್ಕಾ — ಸಿಗದೆ ಏನು, ಮೇಲಿನ ಮನೆ ಟೀಚರ್ ಹತ್ರ ಇದೇ ಇದೆಯಲ್ಲ, ಮಂಚದ ಮೇಲೆ ಮಲ್ಕೊಂಡೇ ಮಾತಾಡ್ತಾರೆ ಅವರು. ಟೀಚರಮ್ಮ ಒಂದೊಂದು ಕರೆಗೂ ಮೆಟ್ಟಿಲಿಳಿದು ಗೇಟಿನವರೆಗೆ ಓಡುತ್ತಾರೆ, ಕಿಟಕಿಯಾಚೆಯೂ ಸಿಗೋದಿಲ್ಲ ಕಣ್ರೀ ಎಂದು ಹೋದ ವಾರವಷ್ಟೇ ಪರದೆಯ ಅಳತೆ ಕೊಡುವಾಗ ಶಾಪ ಹಾಕಿದ್ದರು. ನಾಲಿಗೆ ತಡವರಿಸಲಿಲ್ಲ, ನನಗೇ ಆಶ್ಚರ್ಯ. ಅಂಗಡಿಯವ ನನ್ನನ್ನೊಮ್ಮೆ ನೋಡಿದ, ಆಮೇಲೆ ತಲೆ ತಗ್ಗಿಸಿ ನೀಲಿಯದರ ಪೆಟ್ಟಿಗೆ ತೆಗೆದ, ಸಿಮ್ ಹಾಕಿಕೊಟ್ಟ, ಇವಳು ಬಾಗಿಲ ಬಳಿ ನಿಂತು ಏನನ್ನೋ ಒತ್ತುತ್ತಿದ್ದಳು, ಆಡಲಿ ಎಂದು ಬಿಟ್ಟೆ.

ಮನೆ, ಹೋಟೆಲಿನವರ ದಪ್ಪ ಪರದೆ ನನ್ನ ಮಡಿಲ ತುಂಬ, ಬಿಸಿ ಕಂಬಳಿ ಹೊದ್ದ ಹಾಗೆ, ಅವಳು ಕೋಣೆಯಿಂದ ಕೋಣೆಗೆ ಫೋನು ಎತ್ತಿ ಹಿಡಿದು ಸುತ್ತುತ್ತಾಳೆ, ಒಂದು ಗೀಟೂ ಬರ್ತಿಲ್ಲ ಅಕ್ಕಾ — ಹೊಸದಲ್ವಾ, ಸ್ವಲ್ಪ ಹೊತ್ತು ಬೇಕು ಅದಕ್ಕೆ — ಹೌದಾ, ಎನ್ನುತ್ತಾಳೆ, ನಂಬುತ್ತಾಳೆ, ಹೀಗೆ ನಂಬುವವರನ್ನು ಯಾಕಾದರೂ ಹೆರುತ್ತಾರೋ. ಕೆಳಗಿಳಿದು ಹೋದರೆ, ಗೇಟಿನ ಹತ್ತಿರ ನಿಂತರೆ, ಎಲ್ಲ ಮುಗಿಯಿತು, ಏನು ಹೇಳಿ ತಡೆಯಲಿ, ತಲೆನೋವು ಎನ್ನಲೇ, ಅಷ್ಟರಲ್ಲಿ ಅವಳೇ ಕಿಟಕಿಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತು ಹೇಳುತ್ತಾಳೆ, ಹೋಗ್ಲಿ ಬಿಡಕ್ಕಾ, ನನಗೇನೂ ಗಾಬರಿ ಇಲ್ಲ, ಅಂಗಡಿಯಿಂದಲೇ ಅವರಿಗೆ ಮೆಸೇಜ್ ಹಾಕಿದೀನಿ, ನನಗೆ ಸಿಗದಿದ್ರೆ ಅಕ್ಕನ ನಂಬರಿಗೆ ಮಾಡಿ, ಅಕ್ಕ ಒಪ್ಪಿದಾಳೆ ಅಂತ. ಮಡಿಲಲ್ಲಿ ಪರದೆಯ ಕೆಳಗೆ ನನ್ನ ಫೋನು, ಅಂಗಡಿಯಲ್ಲಿ ಗಿರಾಕಿಗಳ ಕಾಟ ಬೇಡವೆಂದು ಸದ್ದು ನಿಲ್ಲಿಸಿದ್ದೆ, ಹಾಗೇ ಇದೆ, ಗೋಡೆಯ ಬಿಸಿಲು ಇಳಿಯುತ್ತಿದೆ, ಅವಳು ಸರಳಿನ ನಡುವೆ ಕೈ ತೂರಿಸುತ್ತಾಳೆ, ಮಣಿಕಟ್ಟು, ಮೊಣಕೈ — ಮತ್ತು ನನ್ನ ತೊಡೆಯ ಮೇಲೆ ನಡುಕ, ಒಂದು, ಇನ್ನೊಂದು, ಪರದೆಯ ಅಂಚು ಸರಿಸಿ ನೋಡಿದರೆ ಗುರುತಿಲ್ಲದ ನಂಬರು, ಅವನೇ, ಇನ್ಯಾರು, ಗುಂಡಿಯಿಂದ ಮೇಲೆ ಬಂದಿದ್ದಾನೆ, ಎತ್ತಿ ತಗೋ ಎಂದು ಕೊಟ್ಟರೆ ಎರಡು ಹೆಜ್ಜೆಯ ಕೆಲಸ, ಒಪ್ಪಿದಾಳೆ ಎಂದಳಲ್ಲ, ಅವಳ ಬಾಯಲ್ಲಿ ನಾನು ಎಷ್ಟು ಒಳ್ಳೆಯವಳು, ಕೊಡಬಹುದು, ಈಗಲೂ ಕೊಡಬಹುದು, ಇನ್ನೂ ನಡುಗುತ್ತಿದೆ — ಬಟ್ಟೆಯನ್ನು ಇನ್ನೊಂದು ಮಡಿಕೆ ಎಳೆದುಕೊಂಡು ಎರಡೂ ಅಂಗೈ ಒತ್ತಿ ಹಿಡಿದೆ, ಹಿಡಿದೇ ಇದ್ದೆ, ನಿಂತಿತು. ಅಕ್ಕಾ, ನಿನಗೇನಾದ್ರೂ ಬಂತಾ? ಇಲ್ವಲ್ಲೇ. ಬರುತ್ತೆ ಬಿಡು, ಎಂದಳು, ಕೆನ್ನೆಯನ್ನು ಸರಳಿಗೆ ಒತ್ತಿಕೊಂಡಳು, ಇನ್ನೂ ಆಚೆಗೆ ಚಾಚಿದಳು, ಭುಜದವರೆಗೆ, ಕೈ, ಆ ಕೈ, ನೀಲಿ ಹಿಡಿದು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗುವ ಕೈ, ಕಿಟಕಿಯಾಚೆ ಆ ಕೈ