ಏಳನೇ ಪ್ರಶ್ನೆ

"ಏಳನೇ ಪ್ರಶ್ನೆಗೆ ನೀವು ಇನ್ನೂ ಉತ್ತರ ಹೇಳಿಲ್ಲ, ಮಿಸೆಸ್ ಮೌನ್ಸಿ," ಎಂದ ಪಿಯರ್ಸ್.

ಹಿಲ್ಡಾ ಮೌನ್ಸಿ ಒಲೆಯ ಮೇಲಿದ್ದ ಗಂಜಿ ತಿರುವುತ್ತಿದ್ದಳು. ಅದು ನಾಯಿಯ ಗಂಜಿ. ಲಂಡನ್ನಿನ ಬೇಟೆ ಪರ ಚಳವಳಿಯ ಕಚೇರಿಯಿಂದ ಬಂದ ಈ ನಲವತ್ತರ ಮನುಷ್ಯ ಬೆಳಗಿನಿಂದ ಅವಳ ಅಡುಗೆಮನೆಯ ಮೇಜಿನ ತುಂಬ ಕಾರ್ಡುಗಳನ್ನು ಹರಡಿಕೊಂಡು ಕೂತಿದ್ದ. ನಾಯಿ ಬಿಟ್ಟು ನರಿ ಬೇಟೆಯಾಡುವುದನ್ನು ನಿಷೇಧಿಸುವ ಮಸೂದೆ ಪಾರ್ಲಿಮೆಂಟಿನ ಮುಂದಿತ್ತು. ಅದನ್ನು ವಿರೋಧಿಸಿ ಎರಡು ವರ್ಷದಿಂದ ಕಣಿವೆಯ ಮನೆಮನೆ ತಿರುಗಿ ಸಹಿ ಹಾಕಿಸಿದವಳು ಹಿಲ್ಡಾ. ಯಾವ ಕಡೆ ಮತ ಹಾಕಬೇಕೆಂದು ಇನ್ನೂ ತೀರ್ಮಾನಿಸದ ಎಂ.ಪಿ.ಯೊಬ್ಬರು ಮಧ್ಯಾಹ್ನ ಅವಳ ಮನೆಗೇ ಬರುವವರಿದ್ದರು. ಅವರು ಕೇಳಬಹುದಾದ ಹತ್ತು ಪ್ರಶ್ನೆ, ಹೇಳಬೇಕಾದ ಹತ್ತು ಉತ್ತರ, ಎಲ್ಲವನ್ನೂ ಪಿಯರ್ಸ್ ಅಚ್ಚು ಹಾಕಿಸಿ ತಂದಿದ್ದ.

"ಇನ್ನೊಂದ್ಸಲ ಓದಪ್ಪ."

"'ವಯಸ್ಸಾದ ಬೇಟೆನಾಯಿಗಳನ್ನು ಏನು ಮಾಡುತ್ತೀರಿ?' ಉತ್ತರ: 'ಅವು ನಮ್ಮ ಮನೆಯ ಬೆಂಕಿಯ ಮುಂದೆ ನೆಮ್ಮದಿಯಾಗಿ ಕೊನೆಗಾಲ ಕಳೆಯುತ್ತವೆ.'"

"ಯಾರ ಮನೇಲಿ?"

"ಎಲ್ಲರ ಮನೇಲೂ ಅಂತಿಟ್ಕೊಳಿ."

"ಮೂವತ್ತು ವರ್ಷದಲ್ಲಿ ಈ ಮನೇಲಿ ಹತ್ತೊಂಬತ್ತು ಮರಿ ಬೆಳೆಸಿದೀನಿ. ಬೆಂಕಿ ಮುಂದೆ ಸತ್ತಿದ್ದು ಒಂದೂ ಇಲ್ಲ."

"ಅದು ನನಗೂ ಗೊತ್ತು. ಅವರಿಗೆ ಗೊತ್ತಾಗೋದು ಬೇಡ ಅಷ್ಟೆ," ಎಂದು ಪಿಯರ್ಸ್ ನಕ್ಕ. ನಗು ಚೆನ್ನಾಗಿಯೇ ಇತ್ತು. ಹಿಲ್ಡಾಳಿಗೆ ಸೌಟನ್ನು ಅವನ ಕಡೆ ಬೀಸೋಣ ಎನ್ನಿಸಿತು.

ಗಂಜಿಯ ವಾಸನೆಗೆ ಗಾಸಿಪ್ ಎದ್ದು ಬಂದು ಅವಳ ಕಾಲಿಗೆ ಮೈ ಉಜ್ಜಿತು. ಬಿಳಿ ಮೈಯ, ಕಂದು ಕಿವಿಯ ಐದು ವರ್ಷದ ಹೆಣ್ಣುನಾಯಿ. ಹೆಸರಿಗೆ ತಕ್ಕ ಬಾಯಿ. ಗುಡ್ಡದ ಆಚೆ ಕೂಗಿದರೂ ಇದೇ ಎಂದು ಗೊತ್ತಾಗುತ್ತಿತ್ತು. ಚಳಿಗಾಲವೆಲ್ಲ ನಾಯಿಗಳ ದಂಡು ಬೇಟೆ ನಡೆಸುವ ಜಾಸ್ ಟೈಸನ್ನನ ದೊಡ್ಡಿಯಲ್ಲಿ ಇರುತ್ತಿತ್ತು. ಮೇ ಬಂದರೆ ಒಂದೊಂದೂ ತಾನು ಮರಿಯಾಗಿ ಬೆಳೆದ ಮನೆಗೆ ಬರುತ್ತಿತ್ತು. ತವರಿಗೆ ಬಂದ ಮಗಳ ಹಾಗೆ ಬೇಸಿಗೆಯೆಲ್ಲ ತಿಂದುಂಡು, ಮೈಕೈ ತುಂಬಿಕೊಂಡು, ಸೆಪ್ಟೆಂಬರಿನಲ್ಲಿ ಜಾಸ್‌ನ ವ್ಯಾನು ಕಂಡರೆ ಕುಣಿದುಕೊಂಡು ಹತ್ತುತ್ತಿತ್ತು.

ಪತ್ರಿಕೆಯವರಿಗೆ ಇದು ಯಾವುದೂ ಬೇಕಿರಲಿಲ್ಲ. ಬೇಟೆ ಎಂದರೆ ಅವರು ಹಾಕುತ್ತಿದ್ದುದು ಕೆಂಪು ಕೋಟು ತೊಟ್ಟು ಕುದುರೆ ಮೇಲೆ ಕೂತ ದೊರೆಗಳ ಚಿತ್ರವನ್ನೇ. ಇಲ್ಲಿನ ಗುಡ್ಡಗಳಲ್ಲಿ ಕುದುರೆ ಹಾಗಿರಲಿ, ಕುರಿಯೂ ನೋಡಿಕೊಂಡು ಕಾಲಿಡಬೇಕು. ಜಾಸ್ ತೇಪೆ ಹಾಕಿದ ಬೂದು ಕೋಟಿನಲ್ಲಿ ನಡೆದೇ ಹತ್ತುತ್ತಿದ್ದ, ಅವನ ಹಿಂದೆ ಕುರಿ ಸಾಕುವವರು, ಕಲ್ಲುಗೋಡೆ ಕಟ್ಟುವವರು, ಹಿಲ್ಡಾಳಂಥವರು. ಏಪ್ರಿಲ್ಲಿನ ಬೆಳಗ್ಗೆ ಬಾಗಿಲು ತೆಗೆದರೆ ನರಿ ಕಚ್ಚಿ ಹಾಕಿದ, ತಲೆಯಿಲ್ಲದ ಕುರಿಮರಿ ಬಿದ್ದಿರುತ್ತದೆ. ಅದನ್ನು ಎತ್ತಿ ಗುಂಡಿಗೆ ಹಾಕಿದ ಕೈ ಯಾವ ಎಂ.ಪಿ.ದು? ಈ ಪ್ರಶ್ನೆಯನ್ನು ಹಿಲ್ಡಾ ಸಿಕ್ಕಸಿಕ್ಕವರಿಗೆಲ್ಲ ಕೇಳಿದ್ದಳು. ಪಿಯರ್ಸ್‌ನ ಕಾರ್ಡುಗಳಲ್ಲಿ ಅದು ಇರಲಿಲ್ಲ.

ಎಂ.ಪಿ. ಮಿಸೆಸ್ ಪೆನ್‌ಫೋಲ್ಡ್ ಮೂರು ಗಂಟೆಗೆ ಬಂದರು. ಹೊಸ ಬೂಟು, ಮೆಲ್ಲನೆಯ ಮಾತು. ಬಿಂಕವಿಲ್ಲದೆ ಅಡುಗೆಮನೆಯಲ್ಲೇ ಕೂತರು, ಶುಂಠಿ ಕೇಕನ್ನು ಎರಡನೇ ಸಲ ಹಾಕಿಸಿಕೊಂಡರು. ಗಾಸಿಪ್ ಹೋಗಿ ಅವರ ಮಡಿಲಲ್ಲಿ ತಲೆಯಿಟ್ಟಿತು. ಕೆಲಸ ಆದ ಹಾಗೇ ಎನ್ನುವಂತೆ ಪಿಯರ್ಸ್ ಹಿಲ್ಡಾಳತ್ತ ಹುಬ್ಬು ಕುಣಿಸಿದ.

ಒಂದಾದ ಮೇಲೊಂದು ಪ್ರಶ್ನೆಗಳು ಬಂದವು. ಹಿಲ್ಡಾ ತನಗೆ ತಿಳಿದಂತೆ ಹೇಳಿದಳು. ಎಂ.ಪಿ. ಎಲ್ಲವನ್ನೂ ಬರೆದುಕೊಂಡರು. ಆಮೇಲೆ ನಾಯಿಯ ಕಿವಿ ಸವರುತ್ತ ಕೇಳಿದರು: "ಇಂಥವು ಮುದಿಯಾದ್ಮೇಲೆ ಏನ್ಮಾಡ್ತೀರಿ?"

ಪಿಯರ್ಸ್ ಕೆಮ್ಮಿದ.

ಒಂದು ಮಾತು. ಕಾರ್ಡಿನಲ್ಲಿದ್ದುದನ್ನು ಹೇಳಿದರೆ ಒಂದು ಮತ ತಮ್ಮ ಕಡೆಗೆ, ಅವರ ಹಿಂದೆ ಇನ್ನೂ ನಾಲ್ಕೈದು. ಹಿಲ್ಡಾಳಿಗೆ ಅದು ಗೊತ್ತಿತ್ತು. ಆದರೆ ತನ್ನದೇ ಅಡುಗೆಮನೆಯಲ್ಲಿ, ತನ್ನದೇ ನಾಯಿಯ ಎದುರು, ಬೇರೆ ಯಾರೋ ಬರೆದುಕೊಟ್ಟ ಸುಳ್ಳನ್ನು ಒಪ್ಪಿಸಬೇಕೆ? ಮಾಡಬಾರದ್ದನ್ನು ಮಾಡಿದವಳ ಹಾಗೆ ತಾನೇಕೆ ಮುಚ್ಚಿಡಬೇಕು? ಅವಳ ಮುಖಕ್ಕೆ ರಕ್ತವೇರಿತು.

"ಗುಂಡು ಹೊಡೀತಾರೆ," ಎಂದಳು. "ಓಡಕ್ಕಾಗಲ್ಲ ಅಂತಾದಾಗ ಜಾಸ್ ಅದನ್ನ ಬೆಳೆದ ಮನೆಗೇ ಕರ್ಕೊಂಡು ಬರ್ತಾನೆ. ಕೊಟ್ಟಿಗೆ ಹಿಂದೆ ನಾನು ತಲೆ ಹಿಡ್ಕೊಂಡು, ಬಿಸ್ಕತ್ತು ತಿನ್ನಿಸ್ತಾ ಕೂತಿರ್ತೀನಿ. ಅದಕ್ಕೆ ಏನೂ ಗೊತ್ತಾಗಲ್ಲ. ಹದಿನೆಂಟು ಸಲ ಕೂತಿದೀನಿ. ಒಂದ್ಸಲಾನೂ ಬೇರೆಯವರಿಗೆ ಬಿಟ್ಟು ಒಳಗೆ ಹೋಗಿಲ್ಲ."

ಎಂ.ಪಿ.ಯ ಕೈ ನಾಯಿಯ ತಲೆಯ ಮೇಲೆ ನಿಂತುಬಿಟ್ಟಿತು.

"ನಮ್ಮ ಮುದಿ ಸ್ಪೇನಿಯಲ್ ನಾಯಿಗೆ ಹೋದ ವರ್ಷ ಕೊನೆಯ ಇಂಜೆಕ್ಷನ್ ಕೊಡಿಸಿದ್ವಿ," ಎಂದರು ಕೊನೆಗೆ. "ನಾನು ಕಾರಲ್ಲೇ ಕೂತಿದ್ದೆ. ಒಳಗೆ ಹೋಗೋಕೆ ಆಗಲಿಲ್ಲ." ಅವರ ಕಣ್ಣು ಒದ್ದೆಯಾಗಿತ್ತು. ಹೊರಡುವಾಗ ಹಿಲ್ಡಾಳ ಎರಡೂ ಕೈ ಹಿಡಿದು, "ನಿಜ ಹೇಳಿದ್ರಿ. ಮರೆಯಲ್ಲ," ಎಂದರು.

ಕಾರು ಮರೆಯಾದ ಮೇಲೆ ಪಿಯರ್ಸ್ ಅಂಗಳದಲ್ಲಿ ಸಿಡಿದ. "ಎಲ್ಲಾ ಹಾಳು ಮಾಡಿಬಿಟ್ರಲ್ಲ!"

"ಸುಳ್ಳು ಹೇಳಿ ಗೆಲ್ಲೋದಾದ್ರೆ ನೀವೇ ಸಾಕಾಗಿತ್ತು. ನನ್ನನ್ಯಾಕೆ ಕೂರಿಸಿದ್ರಿ?" ಎಂದಳು ಹಿಲ್ಡಾ. "ಕಾರ್ಡು ಮರೀಬೇಡಿ, ತಗೊಂಡು ಹೋಗಿ."

ನವೆಂಬರಿನಲ್ಲಿ ಅವಳು ಪಾತ್ರೆ ತೊಳೆಯುತ್ತಿರುವಾಗ ರೇಡಿಯೋದಲ್ಲಿ ಆ ಮೆಲ್ಲನೆಯ ದನಿ ಕೇಳಿಸಿತು. ಪಾರ್ಲಿಮೆಂಟಿನಲ್ಲಿ ಮಿಸೆಸ್ ಪೆನ್‌ಫೋಲ್ಡ್ ಮಾತಾಡುತ್ತಿದ್ದರು. ನಿಷೇಧದ ಪರವಾಗಿ. "ಬೇಟೆಯ ದಂಡಿಗೆ ನಾಯಿ ಸಾಕುವ ಹೆಣ್ಣುಮಗಳೊಬ್ಬರು ನನ್ನೆದುರೇ ಒಪ್ಪಿಕೊಂಡರು. ಕೆಲಸಕ್ಕೆ ಬಾರದ ನಾಯಿಗಳನ್ನು ಇವರು ಗುಂಡಿಟ್ಟು ಕೊಲ್ಲುತ್ತಾರೆ. ನಾಯಿಗಳ ಮೇಲೆ ಇವರಿಗಿರುವ ಪ್ರೀತಿ ಇಷ್ಟು!"

ಸಭೆಯಲ್ಲಿ ಗದ್ದಲವೆದ್ದಿತು. ಹಿಲ್ಡಾ ಸೋಪಿನ ಕೈಯಲ್ಲೇ ರೇಡಿಯೋದ ಮುಂದೆ ಬಂದು ನಿಂತಳು. ಈಗ ಹೇಳುತ್ತಾರೆ, ತಲೆ ಹಿಡಿದು ಕೂರುವ ಮಾತು ಈಗ ಬರುತ್ತದೆ ಎಂದು ಕಾದಳು. ಬರಲಿಲ್ಲ. ಎಂ.ಪಿ. ಮುಂದಿನ ವಿಷಯಕ್ಕೆ ಹೋಗಿದ್ದರು.

"ಕಾರಿನ ವಿಷಯ ಹೇಳೇ!" ಎಂದು ಹಿಲ್ಡಾ ಕಿರುಚಿದಳು. "ನೀನು ಕಾರಲ್ಲಿ ಕೂತಿದ್ದಿದ್ದು ಹೇಳೇ! ನಾಚಿಕೆಗೆಟ್ಟೋಳೇ, ನನ್ನ ಕೇಕು ತಿಂದು, ನನ್ನ ಮಾತನ್ನೇ ಅರ್ಧಕ್ಕೆ ಕತ್ತರಿಸಿ ಮಾರ್ಕೊಂಡ್ಯಲ್ಲೇ!"

ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವಳ ಕೈಯಿಂದ ನೊರೆ ನೆಲಕ್ಕೆ ತೊಟ್ಟಿಕ್ಕಿತು.

ಆ ವಾರವೇ ಕಾನೂನು ಪಾಸಾಯಿತು. ಫೆಬ್ರವರಿಯಿಂದ ಜಾರಿ. ಅವಳು ಅಂಗಡಿಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. "ಬಾಯಿ ಮುಚ್ಕೊಂಡಿದ್ರೆ ಇವಳ ಗಂಟೇನು ಹೋಗ್ತಿತ್ತು?" ಎಂದು ಕಪಾಟಿನ ಆಚೆ ಯಾರೋ ಅಂದದ್ದು ಅವಳಿಗೆ ಕೇಳಲೆಂದೇ ಅಂದದ್ದು. ಎರಡು ವರ್ಷ ಯಾರ ಬಾಗಿಲಲ್ಲಿ ಮಳೆಯಲ್ಲಿ ನೆನೆಯುತ್ತ ನಿಂತು ಸಹಿ ಕೇಳಿದ್ದಳೋ ಅವರೇ. ಒಂದು ಮತದಿಂದ ಏನೂ ಆಗುತ್ತಿರಲಿಲ್ಲ, ಅಷ್ಟು ಅಂತರದಲ್ಲಿ ಸೋತಿದ್ದರು. ಅದನ್ನು ಹೇಳಿಕೊಂಡು ತಿರುಗಲು ಅವಳಿಗೆ ಮನಸ್ಸಾಗಲಿಲ್ಲ.

ಫೆಬ್ರವರಿ ಕೊನೆಯ ಒಂದು ಮಧ್ಯಾಹ್ನ ಜಾಸ್‌ನ ವ್ಯಾನು ಅಂಗಳಕ್ಕೆ ಬಂದಿತು. ಬಾಗಿಲು ತೆಗೆದದ್ದೇ ಗಾಸಿಪ್ ಹಾರಿ ಇಳಿದು, ಮೇ ತಿಂಗಳೇ ಬಂದಿತೆಂದುಕೊಂಡು ಅಡುಗೆಮನೆಯೊಳಗೆಲ್ಲ ಓಡಾಡಿತು. ಜಾಸ್ ಟೋಪಿ ತೆಗೆದು ಹೊರಗೇ ನಿಂತ.

"ಇನ್ಮೇಲೆ ನರಿ ಇಲ್ಲ, ವಾಸನೆ ಹಚ್ಚಿದ ಬಟ್ಟೆ ಎಳ್ಕೊಂಡು ಹೋಗಿ ಅದರ ಹಿಂದೆ ನಾಯಿ ಓಡಿಸೋದಂತೆ. ಅದಕ್ಕೆ ಹತ್ತು ನಾಯಿ ಸಾಕು ಅಂತ ಬೇಟೆ ಕಮಿಟಿಯವರು ಬರೆದುಕೊಟ್ಟವ್ರೆ," ಎಂದ. ಅವನ ದಂಡಿನಲ್ಲಿದ್ದುದು ಮೂವತ್ತೆರಡು. "ಬಿಸ್ಕತ್ತು ತಗೊಂಡು ಬಾ, ಹಿಲ್ಡಾ."

ಅವಳು ಡಬ್ಬಿಯಿಂದ ಬಿಸ್ಕತ್ತು ತೆಗೆದುಕೊಂಡು, ಯಾವಾಗಲೂ ಮಾಡುವಂತೆ, ಕೊಟ್ಟಿಗೆ ಹಿಂದೆ ಹೋಗಿ ಮಂಡಿಯೂರಿದಳು. ಗಾಸಿಪ್ ಬಂದು ಅವಳ ಕೈಗೆ ಮೂತಿಯಿಟ್ಟಿತು. ಕಿವಿಗಳು ಬೆಚ್ಚಗಿದ್ದವು. ಹಲ್ಲು ಬೆಳ್ಳಗಿದ್ದವು. ಕುತ್ತಿಗೆಯ ನರ ಅವಳ ಬೆರಳ ಕೆಳಗೆ ಜೋರಾಗಿ ಬಡಿಯುತ್ತಿತ್ತು. ಹಿಂದಿನ ಹದಿನೆಂಟರಲ್ಲಿ ಯಾವುದೂ ಹೀಗಿರಲಿಲ್ಲ.

"ಆಗಲ್ಲ," ಎಂದಳು.

"ಹಿಲ್ಡಾ..."

"ಮುದಿಯಾಗಿದ್ದಕ್ಕೆ ಹಿಡಿದಿದೀನಿ ಕಣೋ. ಕಾನೂನಿಗೋಸ್ಕರ ಹಿಡಿಯಲ್ಲ. ಪ್ರಾಣಿದಯೆ ಅಂತ ಕಾನೂನು ಮಾಡಿದೋರು ಬಂದು ಹಿಡಿಲಿ. ಅವಳು ಬರ್ಲಿ, ಕಾರಿಂದ ಇಳ್ದು!"

"ನಾನೇನು ಇಷ್ಟಪಟ್ಟು ಬಂದಿದೀನಾ? ಇದಾದ್ಮೇಲೆ ಇನ್ನೂ ಒಂಬತ್ತು ಮನೆ ಇದೆ." ಜಾಸ್ ಬಂದೂಕಿನಿಂದ ಗುಂಡು ತೆಗೆದು ಜೇಬಿಗೆ ಹಾಕಿಕೊಂಡ. "ಇಟ್ಕೊಂಡು ಏನ್ಮಾಡ್ತೀಯ? ಇವಳು ಮನೇಲಿ ಕೂರೋ ಜಾತಿ ಅಲ್ಲ."

"ಬೆಂಕಿ ಮುಂದೆ ಮಲಗ್ತಾಳೆ," ಎಂದಳು ಹಿಲ್ಡಾ.

ಅವಳು ಹಳೆಯ ಉಣ್ಣೆ ಕಂಬಳಿಯನ್ನು ಒಗೆದು, ಒಣಗಿಸಿ, ಬೆಂಕಿಯ ಮುಂದೆ ಹಾಸಿದಳು.

ಶನಿವಾರ ಬೆಳಗ್ಗೆ ಎದುರಿನ ಗುಡ್ಡದಲ್ಲಿ ಹತ್ತು ನಾಯಿಗಳ ಕೂಗೆದ್ದಿತು. ಗಾಸಿಪ್ ಗೇಟಿಗೆ ಓಡಿ, ಕಂಬಿಯ ಮೇಲೆ ಮುಂಗಾಲಿಟ್ಟು, ತಾನೂ ಕೂಗಿತು. ಕೂಗು ಗುಡ್ಡದ ಆಚೆ ಇಳಿದುಹೋದ ಮೇಲೂ ರಸ್ತೆಯ ಕಡೆ ನೋಡುತ್ತ ನಿಂತೇ ಇತ್ತು. ಹಿಲ್ಡಾ ಗಂಜಿಯನ್ನು ಅಲ್ಲಿಗೇ ತಂದಿಟ್ಟಳು, ಅದು ಮೂಸಿಯೂ ನೋಡಲಿಲ್ಲ. ಕರೆದಳು, ಬೈದಳು, ಕುತ್ತಿಗೆಪಟ್ಟಿ ಹಿಡಿದು ಒಳಗೆ ಎಳೆತಂದಳು. ಬಾಗಿಲು ಕೆರೆಯುವ ಸದ್ದು ತಡೆಯಲಾರದೆ ಮತ್ತೆ ಬಿಟ್ಟಳು.

ಮಧ್ಯಾಹ್ನ ಆಲಿಕಲ್ಲಿನ ಜೊತೆ ಮಳೆ ಶುರುವಾಯಿತು. ಹಿಲ್ಡಾ ಬೆಂಕಿಯ ಮುಂದಿನ ಕಂಬಳಿಯನ್ನು ನೋಡಿದಳು. ಅದರ ಮೇಲೆ ಒಂದು ಕೂದಲೂ ಬಿದ್ದಿರಲಿಲ್ಲ. ಅದನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೋಗಿ, ಗೇಟಿನ ಪಕ್ಕದ ಕಲ್ಲುಗೋಡೆಯ ಮರೆಯಲ್ಲಿ ಹಾಸಿದಳು.

ಗಾಸಿಪ್ ಕಂಬಳಿಯ ಮೇಲೆ ಬಂದು ನಿಂತಿತು. ಕೂರಲಿಲ್ಲ.