ಏನಂತೀಯಾ

ಲಿಫ್ಟು ಜಗ್ಗಿ ನಿಂತಾಗ ಮಗಳು ಮೊದಲು ಮಾಡಿದ್ದು, ಸ್ಟ್ರೆಚರ್ ಜಾರದಂತೆ ಅಪ್ಪನ ಕಾಲು ಹಿಡಿದುಕೊಂಡದ್ದು. ಹೊದಿಸಿದ ಬಟ್ಟೆಯ ಮೇಲಿನಿಂದಲೂ ಕಾಲು ತಣ್ಣಗಿರುವುದು ತಿಳಿಯುತ್ತಿತ್ತು. ದೀಪ ಮಿಣುಕಿ ಆರಿಹೋಯಿತು.

"ಏನಾಯ್ತು?"

"ನಿಂತ್ಬಿಡ್ತು ಅಕ್ಕಾ. ಎರಡು ಮಹಡಿ ಮಧ್ಯೆ," ಎಂದ ಗಡ್ಡದವನು, ಮೊಬೈಲಿನ ಬೆಳಕು ಹಚ್ಚುತ್ತ. ಅಪ್ಪನ ಕೈಕೆಳಗೆ ಕೆಲಸ ಕಲಿತವನು. ನಾಳೆಯಿಂದ ಅವರ ಜಾಗದಲ್ಲಿ ಮೇಸ್ತ್ರಿಯಾಗುವವನೂ ಅವನೇ.

ಜೀವಮಾನವೆಲ್ಲ ಲಿಫ್ಟು ರಿಪೇರಿ ಮಾಡಿಸಿದ ಮನುಷ್ಯ ಕೊನೆಯ ಸಲ ಮನೆಯಿಂದ ಇಳಿಯುವಾಗ ಲಿಫ್ಟಿನಲ್ಲೇ ಸಿಕ್ಕಿಹಾಕಿಕೊಳ್ಳುವುದೆಂದರೆ! ಬೇರೆಯವರಿಗೆ ಹೀಗಾಗಿದ್ದರೆ ಅವರೇ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಸಾಮಾನು ಸಾಗಿಸುವ ಲಿಫ್ಟಾದರೂ ಸ್ಟ್ರೆಚರಿನ ಪಕ್ಕ ಇಬ್ಬರು ನಿಂತ ಮೇಲೆ ಕೈಯಾಡಿಸಲು ಜಾಗವಿರಲಿಲ್ಲ.

ಕೆಳಗಿನಿಂದ ಅವಳ ಗಂಡನ ದನಿ ಬಂತು. "ಬಾಗಿಲು ಮೀಟಿ ತೆಗೀರಿ! ಅವಳಿಗಂತೂ ಏನೂ ಗೊತ್ತಾಗಲ್ಲ, ನೀನಾದ್ರೂ ತೆಗಿಯಪ್ಪಾ!"

ಮೀಟಬಾರದು ಅನ್ನುವುದು ಅವಳಿಗೆ ಚಿಕ್ಕಂದಿನಿಂದ ಗೊತ್ತು. ಗಂಡನಿಗೆ ಮಾತ್ರ ಎಲ್ಲದಕ್ಕೂ ಉತ್ತರ ಗೊತ್ತು. ಅವನ ಉತ್ತರಗಳು ಸಾಕಾಗಿಯೇ ಅವಳು ತಿಂಗಳುಗಳ ಹಿಂದೆ ಅಪ್ಪನ ಮನೆಗೆ ಬಂದದ್ದು. ಇವತ್ತು ಅವನು ಬಂದವನೇ ಅವಳ ಚೀಲ ಕಾರಿಗೆ ಹಾಕಿಸಿದ್ದ. ಮನೆಗೆ ಬೀಗ ಜಡಿದು, ಬೀಗದಕೈ ಜೇಬಿಗಿಳಿಸಿದ್ದ. "ಕಾರ್ಯ ಮುಗಿದ ತಕ್ಷಣ ಹೊರಡೋದು" ಎಂದು ಎಲ್ಲರೆದುರು ಹೇಳಿದ್ದ. ಅವಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

*

ಹೋದ ವಾರ ಅಪ್ಪ ಲೋಟ ತೊಳೆಯುತ್ತಿದ್ದರು.

"ಅಪ್ಪಾ, ನಾನು ವಾಪಸ್ ಹೋಗ್ಲಾ, ಇಲ್ಲೇ ಇರ್ಲಾ?"

ಅವರು ನಲ್ಲಿ ನಿಲ್ಲಿಸಿದರು. "ನೀನೇನಂತೀಯಾ?"

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಈ ಒಂದು ಪ್ರಶ್ನೆಗಾಗಿಯೇ ಕೆಲಸದವರು ಅವರಿಗೆ 'ಏನಂತೀಯಾ ಮೇಸ್ತ್ರಿ' ಎಂದು ಹೆಸರಿಟ್ಟಿದ್ದರು. ಯಾರು ಏನು ಕೇಳಿದರೂ ಅದೇ ರಾಗ.

"ನಾನೇನು ನಿಮ್ಮ ಕೈಕೆಳಗಿನ ಕೆಲಸದವಳಾ? ಮಗಳು ಅಪ್ಪಾ! ಇರು ಅಂತ ಒಂದು ಮಾತು ಹೇಳೋಕೆ ಬಾಯಿ ಬರಲ್ವಾ?"

ಅವರು ಮತ್ತೆ ನಲ್ಲಿ ತಿರುಗಿಸಿದರು. ಅಂದಿನಿಂದ ಉಪ್ಪು ಬೇಕಾ, ಸಾಕಾ ಅನ್ನುವಷ್ಟೇ ಮಾತು. ನಿನ್ನೆ ಬೆಳಿಗ್ಗೆ ಅವರು ಏಳಲೇ ಇಲ್ಲ.

*

ಗಡ್ಡದವನ ಫೋನು ಹೊಡೆದುಕೊಂಡಿತು. ಮೇಲೆ ಮಶೀನ್ ರೂಮಿಗೆ ಓಡಿದ್ದ ಡುಮ್ಮ. ಅವನೂ ಅಪ್ಪನ ಕೈಕೆಳಗಿನವನೇ. ಏದುಸಿರು ಲಿಫ್ಟಿನೊಳಗೆಲ್ಲ ಕೇಳಿಸಿತು.

"ಬಂದೆ ಕಣೋ. ಏನ್ ಮಾಡ್ಲಿ, ಬೇಗ ಹೇಳು! ಮೇಸ್ತ್ರಿ ಇಲ್ದೆ ನಾನೊಬ್ನೇ ಯಾವತ್ತೂ ಇಳಿಸಿಲ್ಲ."

"ಮೊದ್ಲು ಉಸಿರು ಬಿಡು. ಎದುರಿಗೆ ಏನ್ ಕಾಣ್ತಿದೆ ನೋಡು. ಏನಂತೀಯಾ?"

ಅದೇ ಪ್ರಶ್ನೆ, ಅಪ್ಪನ ಹೆಣದ ಮೇಲಿಂದ. ಅವಳು ಲಿಫ್ಟಿನ ಗೋಡೆಗೆ ಅಂಗೈಯಿಂದ ಬಡಿದಳು. "ಹೇಳ್ಬಿಡಿ ಅವರಿಗೆ! ನನಗೆ ಉಸಿರು ಕಟ್ತಿದೆ!"

ಗಡ್ಡದವನು ಫೋನಿಗೆ ಕೈ ಅಡ್ಡ ಹಿಡಿದ. "ಹೇಳಿದ್ರೆ ನಾನು ಹೇಳಿದಷ್ಟೇ ಮಾಡ್ತಾನೆ ಅಕ್ಕಾ. ಅಲ್ಲೇನಿದೆ ಅಂತ ನೋಡಲ್ಲ." ಸ್ಟ್ರೆಚರಿನ ಕಡೆ ಕಣ್ಣು ಹಾಯಿಸಿದ. "ನಾನು ಹೊಸದಾಗಿ ಸೇರಿದಾಗ ಹೀಗೇ ಜನ ಸಿಕ್ಕಿಕೊಂಡು ಕೂಗ್ತಿದ್ರು. ಮೇಸ್ತ್ರಿ ನನ್ನ ಹಿಂದೆ ನಿಂತು ಏನಂತೀಯಾ ಅಂತಾರೆ. ಮನಸ್ಸಲ್ಲೇ ಬಾಯಿಗೆ ಬಂದಹಾಗೆ ಬೈದೆ. ಕೊನೆಗೆ ದೊಡ್ಡ ಸ್ಪ್ಯಾನರ್ ಬೇಕು ಸಾರ್ ಅಂದೆ. ಅನ್ನೋದೇ ತಡ, ಬೆನ್ನ ಹಿಂದಿಂದ ತೆಗೆದುಕೊಟ್ರು. ಅದು ಬಿಸಿಯಾಗಿತ್ತು ಅಕ್ಕಾ. ಅಷ್ಟು ಹೊತ್ತಿಂದ ಕೈಯಲ್ಲೇ ಹಿಡ್ಕೊಂಡಿದ್ರು."

"ನನಗೆ ಕೊಡೋಕೆ ಅವರ ಕೈಯಲ್ಲಿ ಏನೂ ಇರಲಿಲ್ಲ," ಎಂದಳು ಅವಳು. ದುಃಖಕ್ಕಿಂತ ಸಿಟ್ಟೇ ಹೆಚ್ಚಿತ್ತು.

ಗಡ್ಡದವನು ಅವಳ ಮುಖವನ್ನೇ ನೋಡಿದ. ಅವನ ಕೈ ಪ್ಯಾಂಟಿನ ಜೇಬಿನವರೆಗೆ ಹೋಗಿ ನಿಂತಿತು.

"ಲೋ, ಮೇನ್ ಸ್ವಿಚ್ ಇನ್ನೂ ಆನ್ ಇದೆ ಕಣೋ!" ಡುಮ್ಮ ಕಿರುಚಿದ. "ಹಾಗೇ ಕೈ ಹಾಕಿದ್ರೆ ನಾನೂ ಮೇಸ್ತ್ರಿ ಹಿಂದೇನೇ ಹೊರಡ್ತಿದ್ದೆ! ಆಫ್ ಮಾಡ್ದೆ. ಇನ್ನು ಬ್ರೇಕ್ ಬಿಡಿಸಿ, ಕೈಯಲ್ಲೇ ಚಕ್ರ ತಿರುಗಿಸಿ ಇಳಿಸ್ತೀನಿ. ಸರೀನಾ?"

"ನೀನೇ ಹೇಳಿದ್ಯಲ್ಲ."

ಲಿಫ್ಟು ನರಳುತ್ತ ಇಷ್ಟಿಷ್ಟೇ ಇಳಿಯತೊಡಗಿತು. ಬಾಗಿಲು ತೆರೆಯುವವರೆಗೂ ಅವಳು ಅಪ್ಪನ ಕಾಲು ಬಿಡಲಿಲ್ಲ.

*

ಸ್ಮಶಾನದಲ್ಲಿ ಎಲ್ಲ ಮುಗಿದು ಜನ ಚದುರುವಾಗ ಗಂಡ ಕಾರಿನ ಬಾಗಿಲು ತೆರೆದು ಹಿಡಿದ. "ಹತ್ತು. ಹೊತ್ತಾಯ್ತು."

ಹಿಂದಿನ ಸೀಟಿನಲ್ಲಿ ಅವಳ ಚೀಲ ಆಗಲೇ ಕೂತಿತ್ತು. ಅವಳು ಹತ್ತಲೂ ಇಲ್ಲ, ಹಿಂದೆ ಸರಿಯಲೂ ಇಲ್ಲ. ಗಡ್ಡದವನು ಪಕ್ಕಕ್ಕೆ ಬಂದು ನಿಂತ. ಅವನ ಒಂದು ಕೈ ಬೆನ್ನ ಹಿಂದಿತ್ತು.

"ಏನಂತೀರಾ ಅಕ್ಕಾ?"

"ಅವಳೇನಂತಾಳೆ? ಹೊರಡ್ತಾಳೆ," ಎಂದ ಗಂಡ.

ಗಡ್ಡದವನು ಕಾಯುತ್ತಿದ್ದ. ಅವನು ನಿಂತ ಭಂಗಿಯೂ ಥೇಟ್ ಅಪ್ಪನದೇ.

"ನಾನು ಬರಲ್ಲ. ಅಪ್ಪನ ಮನೇಲೇ ಇರ್ತೀನಿ. ಚೀಲ ಇಳಿಸಿ."

ಗಂಡ ಜೇಬು ತಟ್ಟಿ ನಕ್ಕ. "ಕೀ ನನ್ನ ಹತ್ರ ಇದೆ."

ಗಡ್ಡದವನ ಕೈ ಮುಂದೆ ಬಂತು.

"ಇನ್ನೊಂದು ಕೀ ಮಾಡಿಸಿಡು ಅಂತ ಹೋದ ವಾರ ಮೇಸ್ತ್ರಿ ಹೇಳಿದ್ರು ಅಕ್ಕಾ. ಇರ್ತೀನಿ ಅಂತ ಅವಳ ಬಾಯಲ್ಲೇ ಬರ್ಲಿ, ಆವತ್ತು ಕೊಡ್ತೀನಿ ಅಂದಿದ್ರು."

ಅವನು ಅದನ್ನು ಅವಳ ಅಂಗೈಯಲ್ಲಿಟ್ಟ. ಹೊಸ ಬೀಗದಕೈ, ಹಲ್ಲುಗಳು ಇನ್ನೂ ತರಿತರಿಯಾಗಿದ್ದವು. ಅವಳು ಬೆರಳು ಮಡಚಿದಳು.

ಬಿಸಿಯಾಗಿತ್ತು.